ನಾಲ್ಕನೇ ದಿನದ ವರದಿ

ಸ್ವಾನ್ಸಿಯ ಏರುಬೀದಿ. ಹದಿನೇಳನೇ ನಂಬರಿನ ಎದುರು
ಪೇಂಟರನ ವ್ಯಾನಿನೊಳಗೆ ನಾನು, ನನ್ನ ಕ್ಯಾಮೆರಾ,
ಒಣಗಿದ ಎರಡು ಸ್ಯಾಂಡ್‌ವಿಚ್.
ಹೆಸರು: ಡಿಲಿಸ್ ಪ್ರೊಸ್ಸರ್. ಐವತ್ತೆಂಟು. ಶಾಲೆಯೊಂದರ ಅಡುಗೆಯವಳು.
ಹಿಂದಿನಿಂದ ಲಾರಿ ಗುದ್ದಿದ್ದು ನಿಜ, ಕಂಪನಿಯೂ ಒಪ್ಪುತ್ತದೆ;
ಒಪ್ಪದಿರುವುದು ಭುಜವನ್ನು ಮಾತ್ರ.

ಸೋಮವಾರ ಪರದೆ ಸರಿಯಲಿಲ್ಲ.
ಮಂಗಳವಾರ ಅಂಚೆಯವ ಬಂದ, ಹೋದ.
ಬುಧವಾರ ಕಸದ ಡಬ್ಬಿಯನ್ನು ಬಾಗಿಲಿಂದ ಬೀದಿಗೆ ಎಳೆದಳು,
ಹತ್ತೊಂಬತ್ತು ಸೆಕೆಂಡು, ಎರಡೂ ಕೈಯಲ್ಲಿ.
ಆಮೇಲೆ ಗೋಡೆಗೆ ಹಣೆಯಾನಿಸಿ ನಿಂತದ್ದು
ನಾಲ್ಕು ನಿಮಿಷ.
"ಹತ್ತೊಂಬತ್ತು ಸಾಕು" ಅಂದರು ಆಫೀಸಿನಿಂದ.

ಗುರುವಾರ ಗಾಜು ತಟ್ಟಿದ ಸದ್ದು.
ಎಡಗೈಯಲ್ಲಿ ಹಬೆಯಾಡುವ ಚಹಾದ ಲೋಟ:
"ನಾಲ್ಕು ದಿನವಾಯಿತು, ಒಂದು ಬ್ರಷ್ಷೂ ಇಳಿಸಲಿಲ್ಲವಲ್ಲ, ಮಗೂ.
ಚಳಿಗೆ ಸೆಟೆದುಹೋಗ್ತೀಯ.
ತುಳುಕಿದ್ದಕ್ಕೆ ಬೇಜಾರು ಮಾಡ್ಕೋಬೇಡ,
ಈ ಕೈಗೆ ಇನ್ನೂ ಅಭ್ಯಾಸವಿಲ್ಲ."

ಕ್ಯಾಮೆರಾ ಆಫ್ ಆಗಿತ್ತು.
ಅವಳಿಗೆ ಗೊತ್ತಿತ್ತೋ? ಇದ್ದೀತು.
ಕೇಳುವ ಬಾಯಿ ನನಗಿರಲಿಲ್ಲ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕಂತೆ. ಸರಿ.
ಉಪ್ಪು ಕಂಪನಿಯದು, ತಿಂಗಳ ಕೊನೆಗೆ ತಪ್ಪದೆ ಬರುತ್ತದೆ.
ಇವಳದು ಬರೀ ಸಕ್ಕರೆ,
ಎರಡು ಚಮಚ, ಅದೂ ನಾನು ಕೇಳದೆ.

ರಾತ್ರಿ ಹತ್ತೊಂಬತ್ತು ಸೆಕೆಂಡು ಕಳಿಸಿದೆ.
ನಾಲ್ಕು ನಿಮಿಷವನ್ನು ಅಳಿಸಲೂ ಇಲ್ಲ, ಕಳಿಸಲೂ ಇಲ್ಲ.
ಖರ್ಚಿನ ಪಟ್ಟಿ ತುಂಬಿದೆ: ಪೆಟ್ರೋಲು, ಪಾರ್ಕಿಂಗ್, ಸ್ಯಾಂಡ್‌ವಿಚ್.

ಲೋಟ ಇನ್ನೂ ಸೀಟಿನ ಕೆಳಗಿದೆ.
ತಿರುವು ಬಂದಾಗೆಲ್ಲ
ಉರುಳಿ ಸದ್ದು ಮಾಡುತ್ತದೆ.