ಗೋದಾಮು ಬದಲಿ

ಸಿ ಅಂಬೋ ಗೋದಾಮು ತುಂಬಿ ಹೋಗ್ಯಾದ.
ಪಟ್ಟಿ ಕೆಂಪಾಗಿ ಮೂರು ದಿನ.
ಜಿಎಸ್‌ಟಿ ಫೈಲು ಅರ್ಧಕ್ಕೇ ನಿಂತು ಸಾಹುಕಾರ್ರು
"ಏನ್ ತುಂಬಿಟ್ಟೀಯೋ ಇದ್ರಾಗ?" ಅಂತ ಕೇಳಿದ್ರು ಸಂಜೀಕ.
ಲೆಕ್ಕಾ ರೀ, ಹಳೇ ಲೆಕ್ಕಾ, ಅಂದೆ.
ಖರೆ ಹೇಳ್ಬೇಕಂದ್ರ
ನೂರಾ ಹನ್ನೆರಡು ಜಿಬಿ ಗುಡ್ಡ, ಹೊಳಿ, ಹುಲ್ಲು, ಮಂಜು,
ಒಂದು ಇಡೀ ಸೀಮಿ ಇಟ್ಟೀನಿ ಅದರಾಗ,
ಕಲಬುರಗಿ ಯಾವತ್ತೂ ನೋಡಿರದಷ್ಟು ಹಸರು.

ಅಳಿಸಿ ಮತ್ತ ಇಳಸ್ಕೋ, ಅಂದ ಸೂಪರ್ ಮಾರ್ಕೆಟ್ ಅಂಗಡಿಯಂವ.
ದಿನಕ್ಕ ಒಂದೂವರಿ ಜಿಬಿ ನನ್ನ ಫೋನಿಂದು.
ಎರಡೂವರಿ ತಿಂಗಳು ಹಿಡೀತಾದ,
ಅಷ್ಟೊತ್ತಿಗೆ ಹೊಸ ತೊಗರಿ ಬಂದಿರ್ತಾದ ಮಿಲ್ಲಿಗೆ.
ನಾಕ್ ಸಾವಿರದ ಇನ್ನೂರು ಕೊಟ್ಟು
ಹೊಸ ಡಿಸ್ಕು ತಂದೆ. ಬೀಡಿ ಕಟ್ಟಿನಕಿಂತ ತುಸು ದೊಡ್ಡದು.

ರಾತ್ರಿ ಹನ್ನೊಂದಕ್ಕ ಮಿಲ್ಲು ಬಂದಾಯ್ತು.
ಹೊಟ್ಟಿನ ಧೂಳು ಇಳೀಲಿಕ್ಕ ಒಂದು ತಾಸು ಬೇಕು,
ಕೀಬೋರ್ಡಿನ ಸಂದಿಯಾಗೆಲ್ಲ ಹಳದಿ.
ಲಾಡ್ಲೇಸಾಬ ಹೆಗಲ ಮ್ಯಾಲಿನ ಗೋಣಿ ತೆಗದು
ಕಟ್ಟಿ ಮ್ಯಾಲ ಹಾಸಿ ಕುಂತ.
"ಎಷ್ಟು ಚೀಲ?" ಅಂದ.
ತೊಂಬತ್ತಾರು ಸಾವಿರ ಫೈಲು.
"ಹಮಾಲಿ?"
ಇಲ್ಲ.
"ಹಂಗಾದ್ರ ಎತ್ತೋರು ಯಾರು?"
ಹಸರು ಪಟ್ಟಿ ತೋರಿಸಿದೆ. ಅಂವ ನಕ್ಕ,
ಬೆನ್ನು ಬೇಡದ ಕೆಲಸ
ಜೀವಮಾನದಾಗ ಮೊದಲ ಸಲ ನೋಡಿದವನಂಗ.

ಶೇಕಡಾ ಹತ್ತು. ಶೇಕಡಾ ಹನ್ನೊಂದು.
ಮೂರು ತಾಸು ಅಂತು. ಆಮ್ಯಾಲ ಇಪ್ಪತ್ತು ನಿಮಿಷ ಅಂತು.
ಆಮ್ಯಾಲ ಒಂದು ದಿನ ಅಂತು,
ಲಾರಿ ಎಲ್ಲಿ ಅದ ಅಂತ ಫೋನ್ ಹಚ್ಚಿದಾಗೆಲ್ಲ
ಹುಮನಾಬಾದ ದಾಟೀನಿ ಅನ್ನೋ ಡ್ರೈವರನಂಗ.

ಒಂದೂ ಕಾಲಿಗೆ ಕರೆಂಟ್ ಹೋಯ್ತು.
ಯುಪಿಎಸ್ಸು ಕುಂಯ್ ಕುಂಯ್ ಅಂದ್ರ
ನಾನು ಡಿಸ್ಕಿನ ಮ್ಯಾಲ ಕೈ ಇಟ್ಟೆ. ಬಿಸಿ ಇತ್ತು,
ಈಗಷ್ಟೇ ಪಾಲಿಶ್ ಆಗಿ ಬಿದ್ದ ಬ್ಯಾಳಿಯಷ್ಟು.
ಲಾಡ್ಲೇಸಾಬ ತುಟಿಯೊಳಗ ಏನೋ ಓದಿಕೊಂಡ.
ನಾಕು ನಿಮಿಷಕ್ಕ ಬಂತು.

ಮುಗಿದ ಮ್ಯಾಲ ತೂಕ ಮಾಡಿದೆ, ಅದು ನನ್ನ ಚಟ.
ಅಲ್ಲಿ ಎಷ್ಟು ಬೈಟು ಇಲ್ಲಿ ಅಷ್ಟೇ ಬೈಟು.
ಇಪ್ಪತ್ತೊಂದು ವರ್ಷದ ನೌಕರಿಯಾಗ
ತೂಕ ಕಮ್ಮಿ ಬೀಳದ ಮಾಲು ನಾ ಕಂಡದ್ದು ಇದೊಂದೇ.
ಹಳೇದನ್ನ ಒಮ್ಮೆಲೇ ಅಳಸಬಾರದು,
ಹೆಸರು ಬದಲಿಸಿ ಇಟ್ಟೆ.
ಆಟ ತೆರಿಯೋ ಮುನೀಮನಿಗೆ ಹೇಳಬೇಕಲ್ಲ,
ಮಾಲು ಈಗ ಡಿ ಗೋದಾಮಿನಾಗ ಅದ ಅಂತ.
ಅಂವ ಹಳೇ ಬಾಗಲಕ್ಕೇ ಹೋಗಿ
"ಇಲ್ಲ, ಮತ್ತ ತರಸ್ರಿ" ಅಂತ ಹಟ ಹಿಡದ.
ಕೈ ಹಿಡದು ಹೊಸ ಬಾಗಲದಾಗ ನಿಂದರಿಸಿದೆ.
ಒಂದೊಂದೇ ಎಣಿಸಿದ. ಒಪ್ಪಿದ.

ಆಟ ತೆರೀತು.
ಹೊಳಿ ಇತ್ತು. ಗುಡ್ಡ ಇತ್ತು. ಮಂಜು ಭೀ ಇತ್ತು.
"ಹೊಸ ಆಟ" ಅನ್ನೋದೊಂದೇ ಮಿನುಗ್ತಿತ್ತು.

"ನನ್ನ ಕುದುರಿ?" ಅಂದ ಲಾಡ್ಲೇಸಾಬ.

ಅಂವನ ಆಟ ಏನಂತ ಹೇಳ್ಲಿ.
ಗುಂಡು ಹಾರಸಂಗಿಲ್ಲ, ಯಾರ ಬೆನ್ನೂ ಹತ್ತಂಗಿಲ್ಲ.
ಒಂದೇ ಕೀಲಿ ಒತ್ತಿ ನಡಿಸಿಕೊಂಡು
ಕೆರಿಗೆ ಒಯ್ದು ಮೊಣಕಾಲು ನೀರಾಗ ನಿಲ್ಲಸ್ತಾನ.
ಬೆನ್ನ ಮ್ಯಾಲ ಏನೂ ಹೇರಂಗಿಲ್ಲ. ತಾನೂ ಇಳೀತಾನ.
ಎರಡು ವರ್ಷದಿಂದ ಇಷ್ಟೇ.

ತಡಕಾಡಿದೆ. ನೂರಾ ಹನ್ನೆರಡು ಜಿಬಿಯಾಗ
ಅದು ಇದ್ದಿದ್ದೇ ಇಲ್ಲ.
ಸೀಮಿ ಒಂದು ಕಡಿ, ಸೀಮಿಯಾಗ ನಡದಾಡಿದ್ದು ಇನ್ನೊಂದು ಕಡಿ
ಇಡ್ತಾದ ಈ ಯಂತ್ರ.
ಸಂಜೀಕ ಸಾಹುಕಾರ್ರು ಬೆನ್ನ ಹಿಂದ ನಿಂತಾಗ
ಕಸ ಅಂತ ನಾನೇ ಎಸದಿದ್ದೆ ಆ ಸಣ್ಣ ಗಂಟು.
ಬುಟ್ಟಿ ಬರಿದು ಮಾಡೋದು ಮರ್ತಿದ್ದೆ, ನನ್ನ ಪುಣ್ಯ.
ಎರಡು ಎಂಬಿ.
ಅಂವನ ಫೋನಿನಾಗಿನ ಮೊಮ್ಮಗಳ ಒಂದು ಫೋಟೋದಷ್ಟೂ ಇಲ್ಲ.

ವಾಪಸ್ ಇಟ್ಟೆ. ಮತ್ತ ತೆರದೆ.
ಅಲ್ಲೇ ನಿಂತಿತ್ತು. ಬಾಲ ಒಮ್ಮಿ ಜಾಡಿಸ್ತು.

ಲಾಡ್ಲೇಸಾಬ ಕುರ್ಚಿ ಎಳಕೊಂಡ, ಲುಂಗಿಗೆ ಕೈ ಒರಸಿಕೊಂಡ.
"ಮೊಹರಮ್ಮಿಗೆ ಬಿಟ್ಟು ಹೋಗಿದ್ದೆ," ಅಂದ,
"ಅವತ್ತಿಂದ ನೀರಾಗೇ ಅದ."
ಒಂದೇ ಕೀಲಿ ಒತ್ತಿ
ಮೆಲ್ಲಕ ದಂಡಿಗೆ ತಂದ.