ಹಿಕ್ಕಡುವದ ಮರಳು, ಪೆನ್ಷನ್ ಮೊಹಲ್ಲಾ

ನಲ್ಲಿ ನಾಲ್ಕನೇ ದಿನಕ್ಕೆ ಬಂತು.
ಒಗೆಯುವ ಕಲ್ಲಿನ ಮೇಲೆ ಅತ್ತೆಯ ಸೀರೆ ಕೊಡವಿದೆ,
ಫಾಲ್ಸಿನ ಹೊಲಿಗೆಯೊಳಗಿಂದ
ಹಿಡಿಯಷ್ಟು ಮರಳು ಜರ್ರನೆ ಇಳಿಯಿತು.
ಹೇಮಾವತಿಯದು ಒರಟು, ಬೂದು;
ಇದು ಹುರಿದ ರವೆಯ ಬಣ್ಣ.
ನಾಲಿಗೆಗೆ ಹಚ್ಚಿ ನೋಡಿದೆ, ಯಾರೂ ಇರಲಿಲ್ಲ.
ಇನ್ನೂ ಉಪ್ಪು.

ಬಿತ್ತನೆ ಬೀಜದ ಲಾರಿಗಳು ಜಲಂಧರಿನಿಂದ ಬಂದು
ಸಂತೇಪೇಟೆ ತುಂಬುವ ಮುಂಚೆ
ಒಂದು ವಾರ ಬಾಗಿಲು ಹಾಕೋಣ ಅಂದವರು ಖಲೀಲಣ್ಣ.
ಎರಡು ಮಂಡಿಗೆ ಒಂದೇ ಗೋಡೆ, ಒಂದೇ ತಕ್ಕಡಿ,
ಹದಿನೆಂಟು ವರ್ಷದಿಂದ.
ಏಳು ಪಾಸ್‌ಪೋರ್ಟು ಒಟ್ಟಿಗೇ ಮಾಡಿಸಿದೆವು.
ಫೋಟೋದವನು ನಗಬೇಡಿ ಅಜ್ಜಿ ಅಂದರೆ
ನಮ್ಮತ್ತೆ ಸಣ್ಣತಾಯಮ್ಮ
"ನಾನ್ಯಾಕಪ್ಪ ನಗ್ಲಿ" ಅಂತ ನಕ್ಕೇಬಿಟ್ಟರು.

ಶಿರಾಡಿ ಇಳಿದರೆ ನಾಲ್ಕು ತಾಸಿಗೆ ಮಂಗಳೂರು.
ಎಪ್ಪತ್ತೊಂದು ವರ್ಷ ಇಳಿಯದವರು
ವಿಮಾನ ಹತ್ತಿ, ಸಿಂಹಳಕ್ಕೆ ಹೋಗಿ,
ಮೊದಲ ಸಲ ಸಮುದ್ರ ನೋಡಿದರು.
ನೋಡಿ, ಸ್ವಲ್ಪ ಹೊತ್ತು ಬಿಟ್ಟು,
"ಆಚೆ ದಡದ ಊರು ಯಾವುದವ್ವ?" ಅಂದರು.
ನಮಗ್ಯಾರಿಗೂ ಗೊತ್ತಿರಲಿಲ್ಲ.
ಫೈಜಾನ್ ಫೋನು ತೆಗೆದ, ಸಿಗ್ನಲ್ ಸಿಗಲಿಲ್ಲ,
ಪ್ರಶ್ನೆ ಹಾಗೇ ನೀರಿನ ಮೇಲೆ ಉಳಿಯಿತು.

ಬೆಳಿಗ್ಗೆ ಹನ್ನೊಂದು ಗಂಟೆಗೆ
ಕಾಲು ನೀಡಿಕೊಂಡು ಕೂತದ್ದು
ನನಗೆ ಬಾಣಂತನದಲ್ಲೂ ನೆನಪಿಲ್ಲ.
ಪಕ್ಕದಲ್ಲಿ ನಸೀಮ. ಇಬ್ಬರ ನಡುವೆ
ಮನೆಯಿಂದ ಒಯ್ದ ಪುಳಿಯೋಗರೆಯ ಖಾಲಿ ಡಬ್ಬಿ.
ಗ್ಯಾಸ್ ಆರಿಸಿದ್ದೆನಾ ಅಂತ ಒಮ್ಮೆ ಅನ್ನಿಸಿತು.
"ಆರಿಸಿದೀಯ ಬಿಡೆ," ಅಂದಳು ಅವಳು,
ನಾನು ಬಾಯಿ ತೆರೆದೇ ಇರಲಿಲ್ಲ.

ಆಮೇಲೆ ಇಬ್ಬರೂ ಎದ್ದು ಹೋಗಿ ನಿಂತೆವು,
ಅವಳ ಬುರ್ಖಾದ ಅಂಚು, ನನ್ನ ಚೂಡಿದಾರದ ಕಾಲು
ಒಂದೇ ಅಲೆಗೆ ಒದ್ದೆ.
ನೀರು ಹಿಂದೆ ಸರಿವಾಗ
ಹಿಮ್ಮಡಿಯಡಿಯ ಮರಳನ್ನು ಯಾರೋ ಎಳೆದುಕೊಂಡರು,
ನಿದ್ದೆಹೋದ ಮಗುವಿನ ತಲೆಯಡಿಯಿಂದ
ತೋಳು ಬಿಡಿಸಿಕೊಳ್ಳುವಷ್ಟು ಮೆಲ್ಲಗೆ.
ನಸೀಮ ನನ್ನ ಮೊಣಕೈ ಹಿಡಿದಳು.
ಬಿಡಲಿಲ್ಲ.

ಹಿಂದೆ ಗಲಾಟೆ. ಪೂರ್ವಿ, ಫೈಜಾನ್ ಸೇರಿ
ಅವರಪ್ಪನನ್ನು, ಅಂದರೆ ನಮ್ಮನೆಯವರನ್ನು,
ಕತ್ತಿನವರೆಗೆ ಹೂತಿದ್ದರು.
ಖಲೀಲಣ್ಣ ಸುತ್ತ ಬದು ಕಟ್ಟಿ, ಸಾಲು ಎಳೆದು,
ಬಾಟಲಿಯಿಂದ ನೀರು ಚಿಮುಕಿಸಿ ಕೂಗಿದರು:
"ಒಳ್ಳೇ ಬೀಜ, ಕಣ್ಣು ನೋಡ್ರಿ,
ತೊಂಬತ್ತು ದಿನಕ್ಕೆ ಕೀಳೋಣ!"
ಹೂತವರಿಗೆ ನಗಲೂ ಆಗದು, ಎದೆಯ ಮೇಲೆ ಮರಳಿನ ಭಾರ;
ನಕ್ಕರೆ ಹೊಲವೇ ಬಿರುಕು ಬಿಡುತ್ತಿತ್ತು.
ಅತ್ತೆಗೆ ಮಾತ್ರ ಸರಿಬರಲಿಲ್ಲ.
ಮೊಣಕಾಲೂರಿ, ಎರಡೂ ಕೈಯಲ್ಲಿ ಗೋರಿ ಗೋರಿ,
"ಜೀವ ಇರೋರ್ನ ಹಿಂಗ್ ಮಾಡಬಾರ್ದು ಕಣ್ರೋ" ಅನ್ನುತ್ತ
ಐವತ್ತರ ಮಗನನ್ನು ಹೊಕ್ಕುಳವರೆಗೆ ಅಗೆದರು.
ಮಕ್ಕಳು ಸುಮ್ಮನಾದವು.
ಒಂದು ಅಲೆ ಬಂದು ಬದು ಒಡೆದು
ಮಿಕ್ಕಿದ್ದನ್ನು ತಾನೇ ಬಿಡಿಸಿತು.

ಸಂಜೆ ಅನಾನಸ್ ಮಾರುವವಳು ಬಂದಳು.
ಅವಳು ಸಿಂಹಳದಲ್ಲಿ, ಅತ್ತೆ ಹಾಸನದಲ್ಲಿ,
ಕಾಲು ಗಂಟೆ ಚೌಕಾಸಿ.
ಇನ್ನೂರೈವತ್ತಕ್ಕೆ ಇಳಿಯಿತು,
ಅತ್ತೆ ಮುನ್ನೂರೇ ಕೊಟ್ಟು ಬಂದರು.
"ಅವಳ ಸೊಸೆಗೆ ಹೆರಿಗೆಯಂತೆ."
ಅದು ನಿಮಗೆ ಹೇಗೆ ತಿಳಿಯಿತು?
"ಹೇಳಿದ್ಲಲ್ಲ."

ಈಗ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಾರೆ.
ದಸರಾಗೆ ಮಂಗಳೂರಿಗೆ ಹೋಗೋಣವಾ ಅತ್ತೆ, ಅಂದೆ.
"ಅಲ್ಲಿರೋದೂ ಅದೇ ಸಮುದ್ರವಾ?"
ಅದೇ.
"ಹಂಗಾರೆ ನೋಡಾಯ್ತಲ್ಲ."
ಎರಡು ಕಾಯಿ ಬಿಡಿಸಿ ಮತ್ತೆ,
"ನಸೀಮ ಬತ್ತಾಳಾ?"

ಮರಳು ಬಚ್ಚಲ ಬಾಯಿಗೆ ಹೋಯಿತು.
ನಲ್ಲಿಯ ಧಾರೆ ಸಣ್ಣಗಾಗುತ್ತಿದೆ,
ಇನ್ನೂ ಒಂದು ಬಕೆಟ್ ಬಟ್ಟೆ,
ಅದರಲ್ಲಿ ಅದಲುಬದಲಾಗಿ ಬಂದ
ಖಲೀಲಣ್ಣನ ನೀಲಿ ಟವಲು.