ಗೆಣ್ಣು

ಅಪ್ಪನ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ
ಹುಣಸೆಬೀಜದಂಥ ಜಡ್ಡು, ಅಷ್ಟೇ ಕಪ್ಪು, ಅಷ್ಟೇ ನುಣುಪು.
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಗೂಡಿನಿಂದ ಇಳಿದ ಹಂಚನ್ನು ಎಡಗೈಯಲ್ಲಿ ತೂಗಿ ಹಿಡಿದು
ತಟ್ಟಿ, ಕಿವಿಗೊಟ್ಟು,
ಹೂಂ ಅಂದರೆ ದೋಣಿಗೆ,
ಉಹೂಂ ಅಂದರೆ ರಾಶಿಗೆ.

ಬೆಂದದ್ದು ಟಣ್ಣೆನ್ನುತ್ತದೆ.
ಒಳಗೆ ಕೂದಲೆಳೆಯಷ್ಟು ಬಿರುಕಿದ್ದದ್ದು
ಸುಳ್ಳು ಹೇಳುವ ಹುಡುಗನ ಹಾಗೆ
ಗಂಟಲಲ್ಲೇ ಮಾತಾಡುತ್ತದೆ.
ಬಣ್ಣ ನೋಡಬೇಡ ಮಗಾ, ಎನ್ನುತ್ತಿದ್ದರು,
ಎಲ್ಲವೂ ಕೆಂಪೇ.

ಸಂತರೇನಲ್ಲ ಓಬೇದ ಸಾಲಿನ್ಸರು.
ಮೀನಿನ ಸಾರಿಗೆ ಹುಳಿ ಹೆಚ್ಚಾದರೆ ಬಟ್ಟಲು ದೂಡಿ ಏಳುವವರು.
ಅಮ್ಮನಿಗೊಂದು ಒಳ್ಳೆ ಮಾತು ಹೇಳಿದ್ದು
ಅಮ್ಮ ಸಾಯುವ ತನಕ ನನ್ನ ಕಿವಿಗೆ ಬಿದ್ದಿಲ್ಲ.
ಭಾನುವಾರ ಬಲಗಡೆ ಏಳನೆಯ ಬೆಂಚು,
ಅಯ್ಯನವರು ಪ್ರಸಂಗ ತೊಡಗಿದ್ದೇ ನಿದ್ದೆ.
ಪಾಪದ ಅರಿಕೆ ಮುಗಿಯುವ ತನಕ ಮಾತ್ರ ಎಚ್ಚರ;
ಅಷ್ಟು ಹೊತ್ತೂ ಗೆಣ್ಣು
ಮುಂದಿನ ಬೆಂಚಿನ ಬೆನ್ನನ್ನು ಮೆಲ್ಲಗೆ ತಟ್ಟುತ್ತಿತ್ತು.
ಮರ ಏನೆನ್ನುತ್ತಿತ್ತೋ.

ಮಾರ್ಚಿನಲ್ಲಿ ಹೋದರು.
ಒಂದು ಕೊಡೆ, ಸೊಸೈಟಿಯಲ್ಲಿ ಸಾವಿರದ ನೂರು ರೂಪಾಯಿ,
ಬೈಂಡು ಬಿಚ್ಚಿದ ಸತ್ಯವೇದ.
ಇಷ್ಟೇನಾ, ಅಂದ ತಮ್ಮ.
ಸತ್ಯವೇದದ ಕೊನೆಯ ಖಾಲಿ ಹಾಳೆಯಲ್ಲಿ
ಪೆನ್ಸಿಲಿನ ಅಂಕಿಗಳು: ೮೦೦, ಕೆಳಗೆ ೧೪, ೯, ೨೨, ೧೧...
ಹಾಡುಗಳ ನಂಬರು ಅಂದುಕೊಂಡೆವು.

ಮಣ್ಣು ಹಾಕಿ ಹೊರಬರುವಾಗ ಗೇಟಿನ ಹತ್ತಿರ
ತಲೆಗೆ ಬಿಳಿ ವಸ್ತ್ರ ಹೊದ್ದ ಒಬ್ಬ ಮುದುಕಿ.
ನೆಫೀಸ ಅಂತ, ಬೆಂಗ್ರೆಯಿಂದ ಬಂದೆ.
ಪತ್ತನಾಜೆಗೆ ಮುಂಚಿನ ಶನಿವಾರ, ವರ್ಷ ವರ್ಷ,
ಗೋಣಿಯಲ್ಲಿ ಹಂಚು ಕಟ್ಟಿಕೊಂಡು ದೋಣಿಯಲ್ಲಿ ಬಂದು
ನಮ್ಮ ಮಾಡು ಹತ್ತುತ್ತಿದ್ದರು ನಿಮ್ಮ ಅಪ್ಪ.
ಸೋರುವುದನ್ನು ತೆಗೆದು ಬೇರೆ ಇಡುತ್ತಿದ್ದರು.
ಕಂಪೆನಿ ಕಳಿಸುತ್ತದೆ ಅಂದುಕೊಂಡಿದ್ದೆವು.
ಕಂಪೆನಿ ಮುಚ್ಚಿದ ಮೇಲೂ ಬಂದರು.
ಆಗ ಕೇಳಿದೆ. ಏಣಿಯ ಮೇಲಿಂದಲೇ ಹೇಳಿದರು:

ಎಂಬತ್ತೇಳನೆಯ ಇಸವಿ. ಲೋಡು ತುಂಬಬೇಕಿತ್ತು.
ಮ್ಯಾನೇಜರು ಪಕ್ಕದಲ್ಲೇ.
ತಟ್ಟಿದೆ, ಕೇಳಿಸಿತು, ಹೂಂ ಅಂದೆ. ಎಂಟುನೂರು ಸಲ.
ಮಗಳ ಟೈಪಿಂಗ್ ಪರೀಕ್ಷೆಗೆ
ಅವರ ಕೈಯಿಂದ ಮುಂಗಡ ತೆಗೆದಿದ್ದೆ.

ಆ ಮಗಳು ನಾನು.
ನಿಮಿಷಕ್ಕೆ ನಲವತ್ತೈದು ಶಬ್ದ.
ಅದರಿಂದ ಕಚೇರಿ ಕೆಲಸ, ಅದರಿಂದ ತಮ್ಮನ ಓದು,
ಅದರಿಂದಲೇ ಮಳೆಗಾಲದಲ್ಲಿ ನಮ್ಮ ನೆತ್ತಿ ಒಣಗಿದ್ದು.

ಈಗ ಆರು ವರ್ಷ, ಅಂದರು ನೆಫೀಸಮ್ಮ,
ಅಳಿಯ ಬೋಟು ಮಾಡಿದ ಮೇಲೆ ನಮ್ಮದು ಟೆರೇಸು.
ಹಳೇ ಹಂಚೆಲ್ಲ ಪುಡಿಯಾಗಿ ಪಂಚಾಂಗಕ್ಕೆ ಹೋಯಿತು.
ಆದರೂ ಬರುತ್ತಿದ್ದರು, ಎರಡೇ ಹಂಚು, ಕಂಕುಳಲ್ಲಿ.
ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ.
ಗೋಡೆಗೆ ಒರಗಿಸಿಟ್ಟು ಚಾ ಕುಡಿದು ಹೋಗುತ್ತಿದ್ದರು.

ಆ ರಾತ್ರಿ ಹಾಳೆ ತೆರೆದೆ.
ಕೊನೆಗೆ ೨, ೨, ೨, ೨, ೨, ೨.
ಕೂಡಿಸಿ ಕಳೆದು ನೋಡಿದೆ: ಇನ್ನೂ ಐನೂರ ಹದಿನೆಂಟು.
ಕೆಳಗೆ ಗೆರೆ ಎಳೆದಿರಲಿಲ್ಲ.
ತಮ್ಮನಿಗೆ ತೋರಿಸಿದೆ. ಅವನು ಕನ್ನಡಕ ತೆಗೆದು
ತುಂಬ ಹೊತ್ತು ಒರೆಸುತ್ತ ಕೂತ.

ಪತ್ತನಾಜೆಗೆ ಮುಂಚಿನ ಶನಿವಾರ
ನಾನು ದೋಣಿ ಹತ್ತಿದೆ, ಬರಿಗೈಯಲ್ಲಿ.
ಐನೂರ ಹದಿನೆಂಟನ್ನು ಈಗ ಯಾರ ತಲೆಯ ಮೇಲೆ ಹೊದೆಸುವುದು?
ಅಂಗಳದ ಮೂಲೆಯಲ್ಲಿ ಹನ್ನೆರಡು ಹಂಚು,
ಅದರ ಸಂದಿಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು.
ಟೈಪು ಹೊಡೆದ ಮೆತ್ತನೆಯ ಬೆರಳು ಮಡಚಿ
ಒಂದನ್ನು ತಟ್ಟಿದೆ.
ಟಣ್.
ಕೋಳಿ ಕೆಕ್ಕರಿಸಿತು.
ಹನ್ನೊಂದನ್ನು ತಟ್ಟಿದೆ, ಒಂದೊಂದಾಗಿ.
ಹನ್ನೆರಡನೆಯದು ಕೋಳಿಯ ಬೆನ್ನಿಗೆ ಮರೆಯಾಗಿತ್ತು,
ಅದನ್ನು ಬಿಟ್ಟೆ.

ನೆಫೀಸಮ್ಮ ಚಾ ತಂದರು. ಕೂತೆ.
ಗೆಣ್ಣು ಸ್ವಲ್ಪ ಉರಿಯುತ್ತಿತ್ತು.